ಯಾರ ಮನೆಯದೂ ಅಲ್ಲದ ನೀರು

ಸಿಂಧನೂರಿಗೆ ಬಂದ ಹನ್ನೊಂದನೆಯ ದಿನ ನಾನು ಒಂದು ಲೋಟ ಚಹಾ ಕುಡಿದೆ. ಅದನ್ನು ಕುಡಿದ ತಪ್ಪಿಗೆ ಒಬ್ಬ ತಾಯಿ ನನ್ನ ಮುಖದ ಮುಂದೆಯೇ ಮನೆಯ ಬಾಗಿಲು ಹಾಕಿಕೊಂಡಳು. ನಮ್ಮ ಕೊಳ್ಳೇಗಾಲದಲ್ಲಿ ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದರೆ ಜನ ಬಾಗಿಲು ಹಾಕುತ್ತಾರೆ. ಇಲ್ಲಿ ಕುಡಿದದ್ದಕ್ಕೆ ಹಾಕಿದರು. ನಲವತ್ತಾರು ವರ್ಷ ಬದುಕಿದವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನು ಓದುವ ನಮ್ಮ ಕೊಳ್ಳೇಗಾಲದವರಿಗೆ ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಹೊರಡುವಾಗ ಯಾರಿಗೂ ಸರಿಯಾಗಿ ಹೇಳಿ ಬರಲಿಲ್ಲ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳಿದೆ, ಆ ಶಾಲೆ ಮುಚ್ಚಿತು. ಅಂಗವೈಕಲ್ಯವಿರುವ ಮಕ್ಕಳ ಓದಿನ ವಿಷಯಕ್ಕೆ ಮನೆಯವರಿಗೂ ಶಾಲೆಯವರಿಗೂ ಜಗಳವಾದಾಗ, ಅದು ದೂರು, ವಿಚಾರಣೆ, ಕೋರ್ಟು ಎಂದು ಬೆಳೆಯುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುವವರು ಬೇಕು ಎಂದು ಒಂದು ಸಂಸ್ಥೆ ಕರೆಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರು ತಾಲ್ಲೂಕಿಗೆ ನಾನೊಬ್ಬಳೇ. ಕಾಗದದಲ್ಲಿ ನನ್ನ ಹುದ್ದೆಗೆ 'ಮಧ್ಯಸ್ಥಗಾರರು' ಎಂದು ಹೆಸರು. ಇಲ್ಲಿಯ ಜನ ಎರಡೇ ವಾರದಲ್ಲಿ ಅದನ್ನು 'ರಾಜಿ ಮೇಡಮ್ರು' ಎಂದು ಮಾಡಿದರು. ತೀರ್ಪು ಹೇಳುವ ಅಧಿಕಾರ ನನಗಿಲ್ಲ, ಯಾರನ್ನೂ ಬೈಯುವಂತೆಯೂ ಇಲ್ಲ. ನನ್ನ ಬಾಯಿ ಬಲ್ಲವರು ಇದನ್ನು ಓದಿ ನಗುತ್ತಾರೆಂದು ಗೊತ್ತು.

ಮಾರ್ಚ್ ತಿಂಗಳ ನಡುಮಧ್ಯಾಹ್ನ ಬಸ್ಸಿಳಿದೆ. ನೆತ್ತಿ ಸುಡುವ ಬಿಸಿಲು. ಆದರೆ ದಾರಿಯುದ್ದಕ್ಕೂ ನೋಡಿಕೊಂಡು ಬಂದದ್ದು ಕಾಲುವೆ ನೀರು ನಿಂತ ಹಸಿರು ಗದ್ದೆ. ಇಂಥ ಬಿಸಿಲಿಗೆ ಇಂಥ ಹಸಿರು ಹೇಗೆ ಎಂದು ಕಣ್ಣಿಗೆ ಒಪ್ಪಿಗೆಯೇ ಆಗಲಿಲ್ಲ. ಬಾಡಿಗೆ ಮನೆ ಹುಡುಕಿದರೆ ಮೂರು ಕಡೆ ಒಂದೇ ಪ್ರಶ್ನೆ: "ಒಬ್ರ ಅದೀರೇನ್ರಿ?" ಹೌದೆಂದರೆ ಮನೆ ಖಾಲಿಯಿಲ್ಲ. ನಾಲ್ಕನೆಯದು ಅಕ್ಕಿ ಗಿರಣಿಯ ಹಿಂದಿನ ಬೀದಿ. ಮಗ ಸೊಸೆಯ ಜೊತೆ ಕೆಳಗಿರುವ ಎಪ್ಪತ್ತರ ಹೆಂಗಸು ಮಹಡಿಯ ಎರಡು ಕೋಣೆ ತೋರಿಸಿ ನನ್ನ ಹೆಸರು ಕೇಳಿದರು. ಮಹದೇವಮ್ಮ ಎಂದೆ.

"ನಾ ಅಮರಮ್ಮ. ನಿಮ್ಮ ಮಾದೇವ, ನಮ್ಮ ಅಮರೇಶ, ಎಲ್ಲಾ ಒಬ್ಬನ ಅದಾನ. ಸಾಮಾನು ಇಳಸ್ರಿ," ಎಂದರು.

ಮನೆ ಸಿಕ್ಕಿತು, ಊರು ಸಿಗಲಿಲ್ಲ. ಒಗೆದು ಹಾಕಿದ ಬಿಳಿ ಸೀರೆಯ ಮೇಲೆ ಗಿರಣಿಯ ಹೊಟ್ಟಿನ ಬೂದಿ ಬೀಳುತ್ತಿತ್ತು. ಖಾನಾವಳಿಯಲ್ಲಿ "ಹಿಂಡಿ ಹಾಕ್ಲ್ಯಾ?" ಎಂದಾಗ ಎಮ್ಮೆಗೆ ಹಾಕುವ ಹಿಂಡಿ ನೆನಪಾಗಿ ಬೆಚ್ಚಿದೆ. ಅದು ಶೇಂಗಾ ಚಟ್ನಿಪುಡಿ, ರೊಟ್ಟಿಗೆ ಅದಿಲ್ಲದೆ ಆಗುವುದಿಲ್ಲ ಎಂದು ಈಗ ನಾನೇ ಹೇಳುತ್ತೇನೆ. ಒಬ್ಬಳಿಗಾಗಿ ಮುದ್ದೆ ತಿರುವಿದರೆ ಕೋಲಿಗೆ ಅಂಟಿದ್ದೇ ಹೆಚ್ಚು. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುವಾಗ ಆ ಸದ್ದಿನ ಲಯಕ್ಕೆ ನಾನು ತಣ್ಣನೆಯ ಅನ್ನ ತಿನ್ನುತ್ತಿದ್ದೆ. ಬೀದಿಯಲ್ಲಿ ಎಲ್ಲರೂ "ಊಟ ಆತೇನ್ರಿ?" ಎನ್ನುತ್ತಾರೆ. ನಮ್ಮಲ್ಲೂ ಕೇಳುತ್ತಾರೆ. ಆದರೆ ಅಲ್ಲಿ 'ಇಲ್ಲ' ಎಂದರೆ ಒಳಗೆ ಕರೆಯುವ ಮನೆ ಯಾವುದು ಎಂದು ಗೊತ್ತಿತ್ತು. ಇಲ್ಲಿ ಆತ್ರಿ, ಆತ್ರಿ ಎನ್ನುತ್ತಾ ನಡೆದುಬಿಡುತ್ತಿದ್ದೆ. ಹತ್ತು ದಿನ ಯಾರ ಮನೆಯ ನೀರನ್ನೂ ನಾನು ಕುಡಿಯಲಿಲ್ಲ.

ಹನ್ನೊಂದನೆಯ ದಿನ ಮೊದಲ ವ್ಯಾಜ್ಯ ಬಂತು. ಪಾಮನಕಲ್ಲೂರು ದಾಟಿ ಒಳಗೆ ಹೋದರೆ ಸಿಗುವ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ, ಅದು ಈ ಕೆಲಸದ ಕಟ್ಟಳೆ. ಸಿಂಧನೂರಿನ ಹಸಿರು ಅಲ್ಲಿಯ ತನಕ ಹೋಗುವುದಿಲ್ಲ. ಜೋಳ ಕಿತ್ತ ಬರಿ ಹೊಲ, ಬೇಲಿಜಾಲಿ, ಬಿಸಿಗಾಳಿ. ಶಿವಲೀಲಾ ಎಂಬ ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿ. ಗೋಡೆ ಹಿಡಿದು ನಡೆಯುತ್ತಾಳೆ, ಮಾತು ತಡೆದು ತಡೆದು ಬರುತ್ತದೆ, ಬುದ್ಧಿ ಚುರುಕು. ಹಿಂದಿನ ವರ್ಷ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಗದ್ದ ಒಡೆದುಕೊಂಡಿದ್ದಳು. ಆಮೇಲೆ ಅವಳ ಹೆಸರನ್ನು 'ಮನೆಯಲ್ಲೇ ಪಾಠ' ಎಂಬ ಪಟ್ಟಿಗೆ ಹಾಕಿದರು. ವಾರಕ್ಕೊಮ್ಮೆ ಒಬ್ಬರು ಬಂದು ಅರ್ಧ ತಾಸು ಅಕ್ಷರ ತೋರಿಸಿ ಹೋಗುತ್ತಾರೆ. ತಾಯಿ ಹುಲಿಗೆಮ್ಮನಿಗೆ ಮಗಳು ಶಾಲೆಗೇ ಹೋಗಬೇಕು. ಹೆಡ್‌ಮಾಸ್ತರು ಶರಣಬಸಪ್ಪನವರು ಆಗುವುದಿಲ್ಲ ಎನ್ನುತ್ತಾರೆ. ತಾಯಿ ಜಿಲ್ಲೆಗೆ ದೂರು ಬರೆಸಲು ಹೊರಟಿದ್ದಳು.

ನಾನು ಮೊದಲು ಶಾಲೆಗೆ ಹೋದೆ. "ಬರ್ರಿ ಮೇಡಮ್ರ, ಬಿಸಲಾಗ ಬಂದೀರಿ. ಮೊದಲು ಚಹಾ ಕುಡೀರಿ, ಮಾತು ಎಲ್ಲಿ ಹೋಗ್ತಾವು," ಎಂದು ಮಾಸ್ತರು ಕುರ್ಚಿ ಎಳೆದರು. ಚಹಾದ ಜೊತೆ ಒಗ್ಗರಣೆ ಮಂಡಾಳು, ಅಂದರೆ ನಮ್ಮ ಕಡಲೆಪುರಿ, ಎರಡು ಮಿರ್ಚಿ ಭಜಿ ಬಂತು. ಹನ್ನೊಂದು ದಿನದಲ್ಲಿ ಮೊದಲ ಸಲ ಯಾರೋ ನನಗೆಂದು ತಟ್ಟೆ ತಂದಿಟ್ಟಿದ್ದರು. ಕಣ್ಣಲ್ಲಿ ನೀರು ಬಂತು, ಮಿರ್ಚಿಯ ಖಾರ ಎಂದು ನಟಿಸಿದೆ. ತಟ್ಟೆ ಒರೆಸಿದ ಹಾಗೆ ತಿಂದೆ. ತಲೆಯೆತ್ತಿದರೆ ಶಾಲೆಯ ಗೇಟಿನಲ್ಲಿ ಒಬ್ಬ ಹೆಂಗಸು ನಿಂತು ನನ್ನನ್ನೇ ನೋಡುತ್ತಿದ್ದಳು.

ಮಾಸ್ತರು ತಮ್ಮ ಸಂಕಟ ಹೇಳಿಕೊಂಡರು. "ಮೂವತ್ತು ವರ್ಷ ಸಾಲಿ ಕಲಿಸೀನ್ರಿ. ಆಕಿ ಬಿದ್ದ ದಿನ ಅವರ ಮಂದಿ ಬಂದು ಹುಡುಗರ ಮುಂದ ನನ್ನ ಅಂಗಿ ಹಿಡದ್ರು. ನಾ ಏನು ದೂಡೀನೇನು ಆ ಕೂಸಿಗೆ? ಇನ್ನೊಮ್ಮೆ ಬಿದ್ದು ತಲಿ ಒಡಕೊಂಡ್ರ ಯಾರು ಜವಾಬು? ಮತ್ತ, ಮನ್ಯಾಗ ಕಲಿಸ್ರಿ ಅಂತ ಆಕೀನ ಸೈ ಮಾಡ್ಯಾಳ, ಕಾಗದ ಐತಿ ನೋಡ್ರಿ." ಕಾಗದ ಇತ್ತು, ಸಹಿಯೂ ಇತ್ತು.

ಅಲ್ಲಿಂದ ಹುಲಿಗೆಮ್ಮನ ಮನೆಗೆ ಹೋದೆ. ಗೇಟಿನಲ್ಲಿ ನಿಂತಿದ್ದವಳೇ ಬಾಗಿಲಲ್ಲಿ ನಿಂತಿದ್ದಳು. "ನೀವು ಆ ಕಡೆ ಚಹಾ ಕುಡದ ಬಂದೀರಿ. ಇನ್ನ ನಂದೇನು ಕೇಳ್ತೀರಿ, ಹೋಗಿ ಬರ್ರಿ," ಎಂದಳು. ಕೋಪವಿರಲಿಲ್ಲ, ಒಂದು ಖಾತ್ರಿಯಿತ್ತು. ಬಾಗಿಲು ಹಾಕಿಕೊಂಡಳು.

ಮುಂದಿನ ವಾರ ತಪ್ಪು ತಿದ್ದಿಕೊಳ್ಳಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ನೇರ ಅವಳ ಮನೆಗೇ ಹೋಗಿ ಹೊಸ್ತಿಲ ಹೊರಗೆ ಕೂತೆ. ಸಾಕಷ್ಟು ಹೊತ್ತು ಕೂರಿಸಿದ ಮೇಲೆ ಬಾಗಿಲು ತೆರೆದು, "ಅಲ್ಲಿ ಚಹಾ ಕುಡದೀರಿ. ಇಲ್ಲಿ ರೊಟ್ಟಿ ತಿನ್ರಿ ನೋಡೂನು," ಎಂದಳು. ನಮ್ಮಂಥವರ ಮನೆಯಲ್ಲಿ ತಿನ್ನುತ್ತೀಯಾ ಎಂಬುದು ಅದರೊಳಗಿನ ಪ್ರಶ್ನೆ. ನೆಲದ ಮೇಲೆ ಕೂತು ಎರಡು ರೊಟ್ಟಿ, ಪುಂಡಿಪಲ್ಯ ತಿಂದೆ. ಅಷ್ಟು ಹುಳಿ ಪಲ್ಯ ನನ್ನ ಜನ್ಮದಲ್ಲಿ ತಿಂದಿರಲಿಲ್ಲ, ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ಆಗ ಅವಳು ಬಾಯಿ ಬಿಟ್ಟಳು.

"ಎಲ್ಲಿ ಸೈ ಮಾಡು ಅಂದ್ರು ಅಲ್ಲಿ ಮಾಡೀನ್ರಿ, ಓದಾಕ ನನಗ ಬರ್ತೈತೇನು? ಗಂಡ ದುಡಿಯಾಕ ಹೋಗ್ತಾನ. ನಾ ಗೊರೇಬಾಳದ ಕಡಿ ನೆಲ್ಲು ಹಚ್ಚಾಕ ಹೋಗ್ತೀನಿ. ಮುಂಜಾನಿ ಗಾಡಿ ಹತ್ತಿದ್ರ ಹೊತ್ತು ಮುಳುಗಿದ ಮ್ಯಾಲ ಬರೋದು. ಈ ಕೂಸಿಗೆ ಯಾರದಾರ? ಹೊರಗಿಂದ ಚಿಲಕ ಹಾಕಿ ಹೋಗ್ತೀನಿ. ಬರೋ ನಾಟಿಗೂ ಹಂಗ ಹಾಕಬೇಕಾಕ್ಕೈತಿ."

ಮೂಲೆಯಲ್ಲಿ ಗೋಡೆಗೆ ಒರಗಿ ಕೂತ ಶಿವಲೀಲಾ ಬಾಗಿಲಿನ ಕಡೆ ನೋಡುತ್ತಿದ್ದಳು. ಬಸ್ಸಿನ ಕಿಟಕಿಯಿಂದ ನಾನು ಬೆರಗಾಗಿ ನೋಡಿದ್ದ ಹಸಿರನ್ನು ಇವಳ ತಾಯಿಯಂಥವರು ಹಚ್ಚಿದ್ದರು, ಅವರು ಹಚ್ಚುವಾಗ ಇವಳು ಚಿಲಕದ ಒಳಗಿದ್ದಳು. ಜೂನ್ ಕಳೆದರೆ ಮತ್ತೆ ನಾಟಿ. ಅಷ್ಟರೊಳಗೆ ಶಾಲೆಯ ಬಾಗಿಲು ತೆರೆಯದಿದ್ದರೆ ಈ ಬಾಗಿಲು ಮುಚ್ಚುತ್ತದೆ ಎಂದು ನನಗೆ ಆಗ ತಿಳಿಯಿತು. ದೂರು ಬರೆದರೆ ವಿಚಾರಣೆ ಮುಗಿಯುವ ಹೊತ್ತಿಗೆ ಒಂದು ವರ್ಷ ಹೋಗಿರುತ್ತದೆ.

ಶಾಲೆಗೆ ಹೋದರೆ ಮಾಸ್ತರು ಕುರ್ಚಿ ಎಳೆಯಲಿಲ್ಲ. "ಊಟ ಜೋರ ಆತಂತಲ್ರಿ," ಎಂದರು. ನಾನು ತಿಂದ ರೊಟ್ಟಿಯ ಸುದ್ದಿ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು.

ಆ ಸಂಜೆ ಅಮರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಮುಖ ನೋಡಿ ಏನೆಂದು ಕೇಳಿದರು. ಹೆಸರು ಹೇಳದೆ ಚಹಾದ ಕಥೆ, ರೊಟ್ಟಿಯ ಕಥೆ ಹೇಳಿದೆ. ಅವರು ಮೊರ ಕೆಳಗಿಟ್ಟು ನಕ್ಕರು.

"ಎರಡೂ ಕಡಿ ಉಂಡೀರಿ, ಎರಡೂ ಕಡಿ ಕೆಟ್ಟೀರಿ. ನಮ್ಮ ಮನೆಯವರು ಗೊರೇಬಾಳದಾಗ ದೈವದಾಗ ಕುಂಡ್ರತಿದ್ರು." ದೈವವೆಂದರೆ ಇಲ್ಲಿ ದೇವರಲ್ಲ, ನ್ಯಾಯ ಹೇಳಲು ಕೂಡುವ ಊರ ಹಿರಿಯರು. "ನ್ಯಾಯಕ್ಕ ಹೋಗುವಾಗ ಮನ್ಯಾಗ ಉಂಡು, ಬುತ್ತಿ ಕಟಿಗೊಂಡು, ತಂಬಗಿ ನೀರು ತಗೊಂಡು ಹೋಗ್ತಿದ್ರು. ನ್ಯಾಯ ಹರಿಯೂತನ ಆ ಕಡಿ ನೀರಿಲ್ಲ, ಈ ಕಡಿ ನೀರಿಲ್ಲ. ಹರಿದ ಮ್ಯಾಲ ಒಂದ ಪರಾತದಾಗ ಮಂಡಾಳು ಕಲಸಿ ಎಲ್ಲಾರೂ ಕೈ ಹಾಕ್ತಿದ್ರು. ಅಲ್ಲೀತನ ಹಸದಿರಬೇಕು ನೋಡ್ರಿ. ಮತ್ತ, ಯಾರ ನೆಳ್ಳೂ ಅಲ್ಲದ ನೆಳ್ಳು ನೋಡಿ ಕುಂಡ್ರಸ್ರಿ."

ನಾನು ಸಂಸ್ಥೆಯ ತರಬೇತಿಯಲ್ಲಿ ಮೂರು ದಿನ ಕೂತು ಬರೆದುಕೊಂಡದ್ದು ಇಷ್ಟನ್ನೇ, ಇಷ್ಟು ಚೆನ್ನಾಗಿ ಅಲ್ಲ. ಮತ್ತೆ ಹೊರಟ ದಿನ ಬೆಳಿಗ್ಗೆ ಅಮರಮ್ಮ ಮಹಡಿ ಹತ್ತಿ ಬಂದು ಬುತ್ತಿಗಂಟು ಕೈಯಲ್ಲಿಟ್ಟರು. "ಹಿಡೀರಿ. ನಾ ಯಾ ಕಡ್ಯಾಕಿನೂ ಅಲ್ಲ," ಎಂದರು. ಅವರು ಇಳಿದು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ. ಒಂದು ಬುತ್ತಿಗೆ ಅಳುವಷ್ಟು ಒಂಟಿಯಾಗಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಯಾರ ನೆರಳೂ ಅಲ್ಲದ ನೆರಳು ಆ ಊರಿನಲ್ಲಿ ಒಂದೇ ಇತ್ತು, ಕ್ರಾಸಿನ ಬಸ್ ತಂಗುದಾಣ. ಗುಡಿ ಒಬ್ಬರದು, ಕಟ್ಟೆ ಇನ್ನೊಬ್ಬರದು, ಶಾಲೆಯ ಆಫೀಸಿಗೆ ಅವಳು ಬರಳು, ಅವಳ ಓಣಿಗೆ ಅವರು ಬರರು. ಬಸ್ಸಿಲ್ಲದ ಹೊತ್ತು ನೋಡಿ ಕರೆದೆ. ಮಾಸ್ತರು ಬಂದು ಕಲ್ಲುಹಾಸಿನ ತುದಿಗೆ ಕೂತರು. ಹುಲಿಗೆಮ್ಮ ಮಗಳನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಕೂತಳು. ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ. ನಾನು ನೆಲಕ್ಕೆ ಇಳಿದೆ. ಒಬ್ಬರೇ ಎತ್ತರದಲ್ಲಿ ಉಳಿದು ಮಾಸ್ತರಿಗೆ ಮುಜುಗರವಾಗಿ, ಧೋತರ ಸರಿಪಡಿಸಿಕೊಂಡು ಅವರೂ ಇಳಿದರು. ಅಂದು ನಾನು ಮಾಡಿದ ಒಳ್ಳೆಯ ಕೆಲಸ ಬಹುಶಃ ಅದೊಂದೇ.

ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎಂದೆ. ಮಾಸ್ತರು ಅಂಗಿ ಹಿಡಿದದ್ದು ಹೇಳಿದರು. ಹುಲಿಗೆಮ್ಮ ಸಹಿಯ ಮೋಸ ಹೇಳಿದಳು. ಮತ್ತೆ ಅಂಗಿ, ಮತ್ತೆ ಸಹಿ. ಒಂದು ತಾಸು ಹೀಗೆಯೇ ಹೋಯಿತು. "ಕರಕೊಂಡು ಬಾ ಅನ್ನಾಕ ನನ್ನಿಂದ ಆಗಂಗಿಲ್ಲ," ಎಂದು ಅವರು ಕನ್ನಡಕ ಜೇಬಿಗಿಟ್ಟರು. "ಹಂಗಾರ ಜಿಲ್ಲೆದಾಗ ಮಾತಾಡೂನು," ಎಂದು ಅವಳು ಸೆರಗು ಕಟ್ಟಿ ಎದ್ದಳು. ಇಬ್ಬರನ್ನೂ ಬೈದುಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎಲ್ಲ ಕೆಟ್ಟಿತು ಎಂದುಕೊಂಡೆ.

"ನೀ... ರು," ಎಂದಳು ಶಿವಲೀಲಾ. ಅವಳು ಕೈ ಚಾಚಿದ್ದು ನನ್ನ ಬಾಟಲಿಯ ಕಡೆಗೆ.

ಸಿಂಧನೂರಿನಿಂದ ತುಂಬಿ ತಂದಿದ್ದ ದೊಡ್ಡ ಬಾಟಲಿ. ಎರಡೂ ಕೈಯಲ್ಲಿ ಹಿಡಿದು, ಕೈ ನಡುಗಿ ಅರ್ಧ ಎದೆಯ ಮೇಲೆ ಚೆಲ್ಲುತ್ತಾ ಅವಳು ಕುಡಿದಳು, ನಿಲ್ಲಿಸಲೇ ಇಲ್ಲ. ಹುಲಿಗೆಮ್ಮ ಬಾಟಲಿ ಎಳೆದಳು. "ಸಾಕ ಬೇ, ಅಷ್ಟು ಕುಡೀಬ್ಯಾಡ."

"ಕುಡೀಲಿ ಬಿಡವ್ವ, ಬಿಸಲೈತಿ," ಎಂದರು ಮಾಸ್ತರು.

"ರೂಢಿ ಆಗೇತ್ರಿ. ಸಾಲಿ ಇದ್ದ ದಿನ ಮುಂಜಾನಿಂದ ಆಕಿಗೆ ಒಂದ ಹನಿ ನೀರು ಕೊಡ್ತಿದ್ದಿಲ್ಲ. ಕೊಟ್ರ ಅಲ್ಲಿ ಒಂದಕ್ಕ ಬರ್ತೈತಿ. ಕರಕೊಂಡು ಹೋಗಾಕ ಯಾರದಾರ ಅಲ್ಲಿ?"

ಮಾಸ್ತರು ಜೇಬಿಗಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಬಿದ್ದ ದಿನಾನೂ ಕೊಟ್ಟಿದ್ದಿಲ್ಲೇನು?"

ಹುಲಿಗೆಮ್ಮ ಮಗಳ ಗದ್ದದ ಗಾಯದ ಗುರುತು ನೋಡಿದಳು. "ಆ ದಿನಾನೂ ಇಲ್ರಿ."

ಹುಡುಗಿ ಬಿದ್ದದ್ದು ಬಿಸಿಯೂಟಕ್ಕೆ ಎದ್ದಾಗ, ಸುಡುವ ಮಧ್ಯಾಹ್ನ. ಮೆಟ್ಟಿಲನ್ನು ಬೈದರು, ಮಾಸ್ತರನ್ನು ಬೈದರು, ಅವಳ ಕಾಲನ್ನು ಬೈದರು. ಬೆಳಗಿನಿಂದ ನೀರು ಕುಡಿಯದ ಕೂಸು ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವಳಿಗೆ ಹೊಳೆದಿರಲಿಲ್ಲ.

"ನನಗ ಹೇಳಬೇಕಿತ್ತಲ್ಲವ್ವ," ಎಂದರು ಅವರು.

"ನೀವು ಕೇಳಬೇಕಿತ್ತಲ್ರಿ ಸರ್," ಎಂದಳು ಅವಳು. ಎದ್ದವಳು ಮತ್ತೆ ಕೂತಳು.

ನನಗೂ ನಾಚಿಕೆಯಾಯಿತು. ಎರಡು ಸಲ ಬಂದು, ಎರಡೂ ಕಡೆ ತಿಂದು, ಆ ಹುಡುಗಿಯನ್ನು ನಾನೂ ಏನೂ ಕೇಳಿರಲಿಲ್ಲ. ಆಗ ಕೇಳಿದೆ, ನಿನಗೇನು ಬೇಕು ಮಗಾ ಎಂದು. ಅವಳು ಬಹಳ ಹೊತ್ತು ತೆಗೆದುಕೊಂಡಳು. ಮೂವರೂ ಕಾದೆವು. "ಸಾ... ಲಿ," ಎಂದಳು. "ಮತ್ತ... ನೀರು."

ಉಳಿದದ್ದು ಅರ್ಧ ತಾಸಿನ ಮಾತು. ಶಾಲೆಯ ಅಡುಗೆಯ ಹೆಂಗಸು ಹುಲಿಗೆಮ್ಮನ ಓಣಿಯವಳೇ, ಹುಡುಗಿಯನ್ನು ದಿನಕ್ಕೆರಡು ಸಲ ಒಂದಕ್ಕೆ ಕರೆದುಕೊಂಡು ಹೋಗಲು ಅವಳನ್ನು ಮಾಸ್ತರೇ ಕೇಳುವುದು. ಶೌಚಾಲಯಕ್ಕೆ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಮೊದಲ ಎರಡು ವಾರ ತಾಯಿ ಮಧ್ಯಾಹ್ನ ಬಂದು ನೋಡುವುದು. ಮನೆಪಾಠದ ಕಾಗದ ರದ್ದು. ಅಂಗಿ ಹಿಡಿದವರ ಪರವಾಗಿ ಅವಳು "ತಪ್ಪಾತ್ರಿ" ಎಂದಳು. ನಾನು ಬರೆದದ್ದನ್ನು ಮಾಸ್ತರು ಎರಡು ಸಲ ಜೋರಾಗಿ ಓದಿದರು, ಆಮೇಲೆಯೇ ಅವಳ ಕೈಗೆ ಪೆನ್ನು ಕೊಟ್ಟರು. ಕ್ರಾಸಿನ ಅಂಗಡಿಯಿಂದ ಮಂಡಾಳು ತರಿಸಿ ಪೇಪರಿನ ಮೇಲೆ ಕಲಸಿದ್ದಾಯಿತು. ಮೊದಲ ಹಿಡಿ ಶಿವಲೀಲಾಗೆ. ನಾನೂ ಕೈ ಹಾಕಿದೆ, ಅಷ್ಟರಲ್ಲಿ ಬಸ್ಸು ಬಂತು. ಬಾಯೆಲ್ಲ ಖಾರ, ಬಾಟಲಿ ಖಾಲಿ. ಸಿಂಧನೂರಿನ ತನಕ ಹಾಗೆಯೇ ಬಂದೆ.

ಮೇ ತಿಂಗಳಲ್ಲಿ ರಜೆ ಹಾಕಿ ಕೊಳ್ಳೇಗಾಲಕ್ಕೆ ಬಂದಿದ್ದೆ, ನಿಮ್ಮಲ್ಲಿ ಕೆಲವರನ್ನು ನೋಡಿಯೂ ಇದ್ದೆ. ತಮ್ಮನಿಗೂ ತಂಗಿಗೂ ಯಾವುದೋ ನಾಮಕರಣದ ಕರೆಯ ವಿಷಯಕ್ಕೆ ಮಾತು ಬಿಟ್ಟಿತ್ತು. ಅದನ್ನು ಸರಿಮಾಡೋಣವೆಂದು ತಮ್ಮನ ಮನೆಗೆ ಹೋದೆ. ನಾದಿನಿ ಕಾಫಿ ತಂದಿಟ್ಟಳು. ನನ್ನ ಕೈ ತಾನಾಗಿ ಚೀಲಕ್ಕೆ ಹೋಗಿ ಬಾಟಲಿ ತೆಗೆಯಿತು.

"ಯಾಕಕ್ಕ, ನಮ್ಮನೆ ನೀರು ಆಗ್ಬರಲ್ವಾ ನಿಮ್ಗೆ?" ಎಂದಳು. ಮುಖ ಸಣ್ಣದಾಗಿತ್ತು.

ಇಲ್ರೀ, ಹಂಗಲ್ಲ ಎಂದೆ. ಆ 'ರೀ' ಕೇಳಿ ತಮ್ಮ ನಕ್ಕ. "ನೀನು ಅಲ್ಲಿಯೋಳೇ ಆಗ್ಬುಟ್ಟೆ ಕಣಕ್ಕ," ಎಂದ. ನಾನು ವಿವರಿಸಲು ನೋಡಿದೆ, ವಿವರಿಸಿದಷ್ಟೂ ಕೆಟ್ಟಿತು. ಕಾಫಿ ಕುಡಿದೆ, ಆದರೆ ಆರಿಹೋಗಿತ್ತು. ಅವರ ಜಗಳ ಇನ್ನೂ ಹರಿದಿಲ್ಲ.

ಮತ್ತೆ ಆ ಊರಿಗೆ ಹೋದದ್ದು ನಾಟಿಯ ಕಾಲದಲ್ಲಿ. ಸಿಂಧನೂರು ದಾಟುವಾಗ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿದ್ದರು. ಅವರಲ್ಲಿ ಹುಲಿಗೆಮ್ಮ ಇದ್ದಳೋ ಇಲ್ಲವೋ, ದೂರದಿಂದ ಎಲ್ಲರ ಬೆನ್ನೂ ಒಂದೇ. ತಂಗುದಾಣದಲ್ಲಿ ಇಳಿದ ಕೂಡಲೇ ಅಂಗಡಿಯವನು ಕೇಳಿದ, "ಮತ್ತೇನ ಗದ್ಲ ಆತೇನ್ರಿ ಮೇಡಮ್ರ?" ಏನಿಲ್ಲ, ಸುಮ್ಮನೆ ಬಂದೆ ಎಂದರೆ ನಂಬಲಿಲ್ಲ. ಈ ಕೆಲಸದ ಹಣೆಬರಹ ಇದು. ನಾನು ಬಂದರೆ ಜಗಳ ಬಂತೆಂದು ಲೆಕ್ಕ. ಮೂರು ತಾಲ್ಲೂಕಿನಲ್ಲಿ ನನ್ನನ್ನು ಬಲ್ಲ ಮನೆಗಳಿವೆ, ಒಂದರಿಂದಲೂ ಮದುವೆಯ ಕರೆ ಬರುವುದಿಲ್ಲ. ಕರೆದರೆ ಯಾವ ಕಡೆ ಕೂರಿಸುವುದು ಅವರಿಗೂ ತಿಳಿಯದು. ಅದಕ್ಕೆ ಅವರನ್ನು ಬೈಯಲಾರೆ, ಆದರೆ ನೋವಾಗುತ್ತದೆ.

ಹುಲಿಗೆಮ್ಮನ ಮನೆಯ ಮುಂದೆ ಹಾದುಹೋದೆ. ಹೊರಗಿಂದ ಚಿಲಕ ಹಾಕಿತ್ತು. ಅಲ್ಲೇ ನಿಂತೆ. ಕಿಟಕಿಗೆ ಮುಖವಿಟ್ಟು ನೋಡಿದೆ. ಒಳಗೆ ಯಾರೂ ಇರಲಿಲ್ಲ.

ಶಾಲೆಯಲ್ಲಿ ನನ್ನನ್ನು ಕಂಡು ಮಾಸ್ತರು ಗಾಬರಿಯಾದರು. ಸುಮ್ಮನೆ ಬಂದೆ ಎಂದ ಮೇಲೆ ಚಹಾ ಹೇಳಲೇ ಎಂದು ಕೇಳಿದರು. ಬೇಡ್ರಿ ಎಂದೆ, ರೂಢಿ. ನಾಲ್ಕನೆಯ ತರಗತಿಯ ಬಾಗಿಲ ಪಕ್ಕ, ಗೋಡೆಗೆ ಒರಗುವ ಜಾಗದಲ್ಲಿ ಶಿವಲೀಲಾ ಕೂತಿದ್ದಳು. ಕೊರಳಿಗೆ ದಾರ ಕಟ್ಟಿದ ನೀರಿನ ಬಾಟಲಿ. ನನ್ನನ್ನು ನೋಡಿದಳು. ದಾರವನ್ನು ತಲೆಯ ಮೇಲಿಂದ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಯಾರೂ ಸಹಾಯಕ್ಕೆ ಹೋಗಲಿಲ್ಲ. ತೆಗೆದು ನನ್ನ ಕಡೆ ಚಾಚಿದಳು.

"ಕುಡೀ... ರಿ."

ನಾನು ಹಿಂಜರಿದೆ. ಅವಳು ಚಾಚಿದ ಕೈ ಹಿಂದೆಗೆಯಲಿಲ್ಲ.

"ಅವತ್ತು... ನಿಮ್ದು... ನಾ... ಖಾಲಿ ಮಾಡಿದ್ನಲ್ಲ."

ಕುಡಿದೆ. ಆ ಊರಿನ ಬೋರಿನ ನೀರು, ಸವಳು ಸವಳು, ಬಿಸಿಲಿಗೆ ಬೆಚ್ಚಗಾಗಿತ್ತು. ಆದರೂ ತಳದ ತನಕ ಕುಡಿದೆ. ಆಮೇಲೆ ಅದು ಅವಳ ದಿನವಿಡೀ ನೀರು ಎಂದು ನೆನಪಾಗಿ, ನಲ್ಲಿಯಲ್ಲಿ ತುಂಬಿ ತಂದು ಕೊರಳಿಗೆ ಹಾಕಿ ಹೊರಟೆ.

ವಾಪಸು ಬಸ್ಸಿನಲ್ಲಿ ತಮ್ಮನಿಗೆ ಫೋನು ಮಾಡಿದೆ. ಹಬ್ಬಕ್ಕೆ ಬರುತ್ತೇನೆ, ಈ ಸಲ ಬಾಟಲಿ ತರುವುದಿಲ್ಲ ಎಂದೆ. ಎಲ್ಲಿದ್ದೀಯಕ್ಕ, ಗಾಳಿ ಸದ್ದು ಎಂದ. ಕೆಲಸ ಮುಗಿಸಿ ಊರಿಗೆ ಹೋಗ್ತಿದ್ದೀನಿ ಎಂದೆ. "ಯಾವೂರಿಗೆ?" ಎಂದು ಕೇಳಿದ. ಕಿಟಕಿಯ ಹೊರಗೆ ಬರಿ ಹೊಲ ಮುಗಿದು ಸಿಂಧನೂರಿನ ಕಾಲುವೆಯ ಹಸಿರು ಶುರುವಾಗಿತ್ತು. ಅವನು ಹಲೋ ಹಲೋ ಎನ್ನುತ್ತಲೇ ಇದ್ದ.